ಬಂಡೆಗೆ ಹಚ್ಚಿದ ದೀಪ

ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಹಸಿವಾದಾಗ ಆಗುತ್ತಿರಲಿಲ್ಲ, ಬಂಡೆ ಸಿಡಿದ ಮೇಲೆ ಆಗುತ್ತಿತ್ತು. ಹಿತ್ತಿಲ ಬೇಲಿ ದಾಟಿದರೆ ಕಲ್ಲುಕೋರೆ. ಅದರ ನೆತ್ತಿಯ ಮೇಲೆ ಒಬ್ಬ ಆಳು ಕೋಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ನಿಂತು, ಮದ್ದಿಗೆ ಬೆಂಕಿ ಇಡುತ್ತಿದ್ದಾರೆ ಎಂದು ಕೂಗು ಹಾಕಿದ ಕೂಡಲೇ ಅವ್ವ ಒಲೆಯ ಮೇಲಿನ ಮಡಕೆ ಇಳಿಸಿ, ಕೊಳ್ಳಿ ಹಿಂದಕ್ಕೆಳೆದು, ನನ್ನ ತಮ್ಮನನ್ನು ಕಂಕುಳಿಗೇರಿಸಿಕೊಂಡು ಹೊರಗೆ ಬರುತ್ತಿದ್ದಳು. ಅಜ್ಜಿ ಕರುವಿನ ಹಗ್ಗ ಬಿಚ್ಚುತ್ತಿದ್ದಳು. ಎಲ್ಲರೂ ಗಾಡಿದಾರಿ ದಾಟಿ ದೊಡ್ಡ ಹುಣಸೆಮರದ ಮರೆಗೆ ಹೋಗಿ ನಿಲ್ಲಬೇಕು. ಸಿಡಿದು, ಚೂರುಗಳೆಲ್ಲ ಬಿದ್ದು, ದೂಳು ಅಡಗಿದ ಮೇಲೆ ಅವ್ವ ಮೊದಲು ನಮ್ಮ ತಲೆ ಸವರಿ ನೋಡುತ್ತಿದ್ದಳು, ಆಮೇಲೆ ಮನೆಯ ಹೆಂಚು. ಅರ್ಧ ಬೆಂದು ನಿಂತ ಹಿಟ್ಟನ್ನು ಮತ್ತೆ ಒಲೆಗೇರಿಸಿದರೆ ಮುದ್ದೆ ಗಂಟುಗಂಟಾಗದೆ ಇನ್ನೇನಾಗುತ್ತದೆ? ಅಪ್ಪ ಮುದ್ದೆ ಮುರಿದಾಗಲೆಲ್ಲ ಒಳಗಿನ ಹಸಿ ಹಿಟ್ಟನ್ನು ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗೆ ಒರೆಸುತ್ತಿದ್ದ.

"ಏನಮ್ಮಿ ಇದು, ಮುದ್ದೆನೋ ಜಲ್ಲಿನೋ?"

"ಜಲ್ಲಿನೇ. ನಿಮ್ಮ ಸಾವ್ಕಾರ್ರು ಕಳಿಸವ್ರೆ, ಉಣ್ಣಿ," ಅನ್ನುತ್ತಿದ್ದಳು ಅವ್ವ.

ಆಗ ನಾವು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ. ಇದನ್ನು ಬರೆಯಲು ಕೂತದ್ದೇ ಕೋಪದಿಂದ. ನಾನು ಬಾಬುರಾಯನಕೊಪ್ಪಲಿಗೆ ಸೊಸೆಯಾಗಿ ಬಂದವಳು. ಅಡುಗೆ, ಮಕ್ಕಳು, ಮೊಮ್ಮಕ್ಕಳು, ಶನಿವಾರ ಕರಿಘಟ್ಟದ ಮೆಟ್ಟಿಲು, ಇಷ್ಟರಲ್ಲೇ ಬಾಳು ಸವೆಸಿದವಳು. ಮಂಡಿ ಇನ್ನೂ ಬೆಟ್ಟ ಹತ್ತಿಸುತ್ತದೆ, ಅದು ವೆಂಕಟರಮಣನ ದಯೆ. ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ನೆಟ್ಟಗಿದೆ, ಅದೂ ಅವನ ದಯೆಯೇ. ಬರೆಯುವ ಅಭ್ಯಾಸ ಇದ್ದವಳಲ್ಲ. ಆದರೆ ಹೋದ ಕಾರ್ತಿಕದಲ್ಲಿ ತವರಿನ ಶಾಲೆಗೆ ಹೊಸ ಕೋಣೆ ಕಟ್ಟಿಸಿದ್ದಾರೆಂದು ಪೂಜೆಗೆ ಹೋಗಿದ್ದೆ. ಕೋರೆ ನಡೆಸಿದ ಮನೆತನದ ಯಾರೋ ಒಬ್ಬರು, ಇಸ್ತ್ರಿ ಮಾಡಿದ ಬಿಳಿ ಷರಟಿನವರು, ಮೈಕು ಹಿಡಿದು ಊರಿನ ಚರಿತ್ರೆ ಹೇಳಿದರು. ಇಲ್ಲಿ ಮೊದಲು ಏನೂ ಇರಲಿಲ್ಲವಂತೆ. ಹಾವು, ಚೇಳು, ಬರೀ ಕಲ್ಲು. ಅವರ ಹಿರಿಯರು ಬಂದ ಮೇಲೆ ಕೆಲಸ ಬಂತು, ದಾರಿ ಬಂತು, ಊರಾಯಿತು. ಕೇಳಿಸಿಕೊಂಡೆ. ಆಮೇಲೆ ನಗುನಗುತ್ತ ಇನ್ನೊಂದು ಮಾತು ಹೇಳಿದರು: "ಆಗಿನ ಕಾಲದೋರ್ಗೆ ಭಯ ಭಕ್ತಿ ಜಾಸ್ತಿ. ಒಂದ್ಸಲ ಪೂಜೆಲಿ ಒಂದು ಹೆಣ್ಮಗು ಕೈಲಿ ದೀಪ ಆರೋಗಿ ದೊಡ್ಡ ಅನಾಹುತಾನೇ ಆಯ್ತಂತೆ!" ಜನ ಅಯ್ಯೋ ಎಂದು ತಲೆದೂಗಿದರು. ಸೆರಗಿನ ತುದಿಯಲ್ಲಿ ಪ್ರಸಾದ ಕಟ್ಟಿಕೊಂಡು ಹೆಂಗಸರ ನಡುವೆ ಕೂತಿದ್ದ ನಾನೇ ಆ ಹೆಣ್ಣುಮಗು. ಎದ್ದು ನಿಲ್ಲುವಷ್ಟರಲ್ಲಿ ಅವರು ಮೈಕನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕಾರು ಹತ್ತಿ ಹೋಗಿದ್ದರು.

ಏನೂ ಇರಲಿಲ್ಲವಂತೆ! ನಮ್ಮ ತಾತ ಇರಲಿಲ್ಲವೆ? ಅಣ್ಣತಮ್ಮಂದಿರ ಪಾಲಿನಲ್ಲಿ ನಿಲ್ಲಲು ಜಾಗ ಸಾಲದೆ ಕೆ.ಆರ್. ಪೇಟೆ ಕಡೆಯಿಂದ ಅಜ್ಜಿಯನ್ನೂ ಒಂದು ಜೊತೆ ಎತ್ತನ್ನೂ ಕರೆದುಕೊಂಡು ಬಂದು, ಚಿನಕುರಳಿಯಿಂದಾಚೆ ಈ ಬಂಡೆಯ ಬುಡದಲ್ಲಿ ಲಂಟಾನ ಕಡಿದು, ಕಲ್ಲು ಆಯ್ದು, ಅದೇ ಕಲ್ಲಲ್ಲಿ ಗೋಡೆ ಎಬ್ಬಿಸಿದವನು ಅವನು. ಅವನಂತೆ ಬಂದ ಇನ್ನೂ ಕೆಲವು ಮನೆಯವರಿದ್ದರು. ಅವರಿಗೂ ಮೊದಲು ಕಲ್ಲು ಒಡೆಯುವ ಸಂಸಾರಗಳಿದ್ದವು. ಅವರ ಕೈಲಿ ಇದ್ದದ್ದು ಉಳಿ, ಸುತ್ತಿಗೆ, ಸೌದೆ. ಬಂಡೆಯ ಮೈಮೇಲೆ ಸೌದೆ ಹರಡಿ ನಿಧಾನ ಉರಿ ಹಾಕಿದರೆ ಕಲ್ಲು ಒಬ್ಬಟ್ಟಿನ ಹಾಗೆ ಪದರ ಬಿಟ್ಟು ಮೇಲೇಳುತ್ತಿತ್ತು. ಆ ಚಪ್ಪಡಿಯೇ ನಮ್ಮ ಪಡಸಾಲೆಯ ನೆಲ, ಅಡುಗೆಮನೆಯ ಕಟ್ಟೆ, ಬಚ್ಚಲಿನ ಮರೆ. ನಡುಮನೆಯ ಗೋಡೆಯ ಗೂಡಿನಲ್ಲಿ ದೇವರು, ಅದರ ಪಕ್ಕ ರಾಗಿ ತುಂಬುವ ಮಣ್ಣಿನ ವಾಡೆ, ಮೇಲೆ ಅಟ್ಟ. ಬೇಸಿಗೆಯಲ್ಲಿ ಆ ಚಪ್ಪಡಿಯ ಮೇಲೆ ಬರಿಮೈಯಲ್ಲಿ ಮಲಗಿದರೆ ತಣ್ಣಗೆ ಇರುತ್ತಿತ್ತು. ಆ ತಂಪು ನೆನಪಿದೆ. ಆಮೇಲೆ ಸಾವ್ಕಾರ ಬಂದ. ಗಡಗಡ ಅನ್ನುವ ಯಂತ್ರ ಬಂತು, ಮದ್ದು ಬಂತು, ಲಾರಿ ಬಂತು. ಎಲ್ಲರದ್ದೂ ಆಗಿದ್ದ ಬಂಡೆ ಒಬ್ಬನದಾಯಿತು. ಹೇಗಾಯಿತೆಂದು ಯಾರೂ ನಮ್ಮಂಥವರಿಗೆ ಹೇಳಲಿಲ್ಲ. ಉಳಿ ಹಿಡಿದವರು ಅವನ ಕೂಲಿಯಾಳಾದರು, ಅವರ ಹೆಂಗಸರು ಬಿಸಿಲಲ್ಲಿ ಕೂತು ಜಲ್ಲಿ ಕುಟ್ಟಿದರು. ನಮ್ಮಪ್ಪ ಹೊಲಕ್ಕಿಂತ ಹೆಚ್ಚಾಗಿ ಕೋರೆಗೆ ಗಾಡಿ ಹೊಡೆದ. ಮನೆಯ ಗೋಡೆ ಬಿರುಕು ಬಿಟ್ಟಿತು. ಅವ್ವ ಸಗಣಿ ಮಣ್ಣು ಕಲಸಿ ಬಿರುಕು ತುಂಬುವಳು, ಅದು ಒಣಗುವ ಮೊದಲೇ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು.

ಆದರೂ ಒಂದು ಪದ್ಧತಿಯನ್ನು ಸಾವ್ಕಾರನಿಂದಲೂ ಮುರಿಯಲು ಆಗಲಿಲ್ಲ. ಹೊಸ ಜಾಗದಲ್ಲಿ ಬಂಡೆಗೆ ಕೈ ಹಾಕುವ ಮೊದಲು ಅದರ ಅಪ್ಪಣೆ ಕೇಳಬೇಕು. ಬಂಡೆಯ ಮುಖ ತೊಳೆದು, ಅರಿಶಿನ ಕುಂಕುಮ ಇಟ್ಟು, ಒಂದು ಹೆಣ್ಣುಮಗುವಿನ ಕೈಲಿ ದೀಪ ಹಚ್ಚಿಸಬೇಕು. ಆ ದೀಪ ತಾನಾಗಿ ತಣ್ಣಗಾಗುವ ತನಕ ಅಲ್ಲಿ ತೂತು ಕೊರೆಯುವ ಹಾಗಿಲ್ಲ, ಮದ್ದು ತುಂಬುವ ಹಾಗಿಲ್ಲ. ಕಾಯಿ ಒಡೆದ ಮೇಲೆ ಬಂಡೆಯ ಪಾಲಿನ ಎಡೆಯನ್ನು, ಎಲೆಯ ಮೇಲೆ ಎರಡು ಹಿಡಿ ಸಿಹಿ ಅನ್ನ, ಒಂದು ಹೋಳು ಕಾಯಿ, ಅದರ ಬುಡದಲ್ಲಿ ಇಟ್ಟು ಬರಬೇಕು. ಮಿಕ್ಕದ್ದು ಆಳುಗಳಿಗೆ. ಬಂಡೆಯೂ ಉಂಡು, ಜನವೂ ಉಂಡ ಮೇಲೆ ಕೆಲಸ. ಈ ದೀಪ ಹಚ್ಚುವ ಕೆಲಸ ನನಗೆ ಬಂತು. ನಾನು ಮೊದಲ ಸಲ ಹಚ್ಚಿದ ಜಾಗದಲ್ಲಿ ಒಂದು ಸೀಳೂ ಇಲ್ಲದ ಕಲ್ಲು ಎದ್ದಿತಂತೆ. ಅಷ್ಟೇ ಸಾಕಾಯಿತು. "ಜಯಮ್ಮನ ಕೈಗುಣ ಒಳ್ಳೇದು" ಎಂದು ಕೋರೆಯವರೆಲ್ಲ ಅಂದರು. ಅಜ್ಜಿಯಂತೂ ಹಿಗ್ಗಿ ಹೋದಳು. ಹಸು ಕರು ಹಾಕುವ ಹೊತ್ತಿಗೆ ನನ್ನ ಕೈಲಿ ದೀಪ, ಬಿತ್ತನೆಯ ಮೊದಲ ಹಿಡಿಗೆ ನನ್ನ ಕೈ. ಹಸಿರು ಲಂಗ ತೊಟ್ಟು, ತಲೆಗೆ ಕನಕಾಂಬರ ಮುಡಿದು, ಮಣ್ಣಿನ ಹಣತೆ ಹಿಡಿದು ಬಂಡೆಯ ಕಡೆ ನಡೆಯುವಾಗ ಗಂಡಸರು ದಾರಿ ಬಿಟ್ಟು ನಿಲ್ಲುತ್ತಿದ್ದರು. ಅದು ನನಗೆ ಎಷ್ಟು ಇಷ್ಟವಾಗುತ್ತಿತ್ತು! ಬೆಳಿಗ್ಗೆ ಎದ್ದು ನನ್ನ ಅಂಗೈಯನ್ನು ನಾನೇ ನೋಡಿಕೊಳ್ಳುತ್ತಿದ್ದೆ.

ಅವ್ವನ ತಮ್ಮ, ನಮ್ಮ ಕೆಂಪಣ್ಣ ಮಾವ, ಕೋರೆಯಲ್ಲಿ ಕೆಲಸ ಮಾಡಿಕೊಂಡು ನಮ್ಮ ಮನೆಯಲ್ಲೇ ಇದ್ದ. ಎಡೆ ಇಟ್ಟು ಬರುವುದು ಅವನ ಪಾಲಿನ ಕೆಲಸ. ಆ ದಿನವೂ ಹೊಸ ಜಾಗದ ಪೂಜೆ. ನಾನು ದೀಪ ಹಚ್ಚಿದೆ. ಗಾಳಿ ಇರಲಿಲ್ಲ, ಉರಿ ಕಡ್ಡಿಯ ಹಾಗೆ ನೆಟ್ಟಗೆ ನಿಂತಿತ್ತು. ಕಾಯಿ ಒಡೆದರು. ಆಳುಗಳೆಲ್ಲ ಪ್ರಸಾದಕ್ಕೆಂದು ಕೆಳಗೆ ಬೇವಿನಮರದ ನೆರಳಿಗೆ ಇಳಿದರು. ನಾನು ಹಣತೆಯ ಪಕ್ಕ ಇನ್ನೂ ಕೂತೇ ಇದ್ದೆ. ಆಗ ಮೇಸ್ತ್ರಿ ಬಂದ. ಸಾವ್ಕಾರನ ಬಲಗೈ ಅವನು. ಸುತ್ತ ನೋಡಿ, ಬಗ್ಗಿ, ಹೆಬ್ಬೆರಳು ತೋರುಬೆರಳಲ್ಲಿ ಬತ್ತಿಯ ತುದಿ ಅದುಮಿದ. ಚುಂಯ್ ಎಂದು ಹೊಗೆ ಎದ್ದಿತು. "ನಡಿ ನಡಿ, ಕೆಳೀಕೆ ಓಗು" ಎಂದು ನನ್ನನ್ನು ಎಬ್ಬಿಸಿದ. ಯಾಕೆ ಹಾಗೆ ಮಾಡಿದ ಎಂಬುದು ದೊಡ್ಡವಳಾದ ಮೇಲೆ ಪೂರ್ತಿ ಅರ್ಥವಾಯಿತು. ಲಾರಿಗಳು ಕಾಯುತ್ತಿವೆ ಎಂದು ಹಿಂದಿನ ಸಂಜೆಯೇ ತೂತು ಕೊರೆದು ಮದ್ದು ತುಂಬಿಸಿಬಿಟ್ಟಿದ್ದರು. ತುಂಬಿದ ಮದ್ದಿನ ಪಕ್ಕದಲ್ಲಿ ನನ್ನನ್ನು ದೀಪ ಹಚ್ಚಲು ಕೂರಿಸಿದ್ದರು! ಉರಿ ಕಂಡು ಅವನಿಗೆ ಭಯವಾಗಿದೆ, ಆರಿಸಿದ್ದಾನೆ. ಆಮೇಲೆ ಎಲ್ಲರೂ ಊಟಕ್ಕೆ ಇಳಿದಿದ್ದಾರೆಂದುಕೊಂಡು, ಕೆಂಪು ಬಟ್ಟೆಯವನ ಕೂಗೂ ಹಾಕಿಸದೆ, ಬೆಂಕಿ ಮುಟ್ಟಿಸಿದ್ದಾನೆ. ಅಷ್ಟು ಹೊತ್ತಿಗೆ ಮಾವ ಇನ್ನೊಂದು ಬದಿಯಿಂದ ಎಡೆ ಹಿಡಿದು ಮೇಲೆ ಹತ್ತುತ್ತಿದ್ದ. ಅವನ ಪ್ರಾಣ ಉಳಿಯಿತು. ದೇವರು ದೊಡ್ಡವನು. ಬಲಗಾಲು ಮಂಡಿಯಿಂದ ಕೆಳಗೆ ಹೋಯಿತು.

ಮಾವನನ್ನು ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದ ಮಾರನೆಯ ಬೆಳಿಗ್ಗೆ ಸಾವ್ಕಾರ ನಮ್ಮ ಮನೆಗೆ ಬಂದ. ಎಂದೂ ಬಂದವನಲ್ಲ. ಜಗಲಿಯ ಮೇಲೆ ಅಜ್ಜಿ ಕಂಬಳಿ ಹಾಸಿದಳು. ಅವ್ವ ಬಾಗಿಲ ಹಿಂದೆ ನಿಂತಿದ್ದಳು, ನಾನು ಅವಳ ಸೀರೆ ಹಿಡಿದುಕೊಂಡು.

"ಆಗಬಾರದ್ದು ಆಗೋಯ್ತು ಕಣಪ್ಪ," ಎಂದ ಸಾವ್ಕಾರ. "ಮಗೀನ ಕೈಲಿ ದೀಪ ಆರೋಯ್ತಂತೆ. ಮೇಸ್ತ್ರಿ ಅಂದ. ಆವಾಗ್ಲೇ ನಿಲ್ಲಿಸ್ಬೇಕಿತ್ತು. ದೇವ್ರು ಸೂಚನೆ ಕೊಟ್ಟ, ನಮಗೆ ತಿಳೀಲಿಲ್ಲ. ಯಾರಾರ ಬಂದು ಕೇಳಿದ್ರೆ ಇಂಗಿಂಗೆ ಅಂತ ಏಳ್ಬುಡು."

"ಆಯ್ತು ಯಜಮಾನ್ರೆ," ಎಂದ ಅಪ್ಪ.

ನಾನು ಬಾಗಿಲಿಂದ ಈಚೆ ಬಂದೆ. "ದೀಪ ಆರ್ಲಿಲ್ಲ. ಮೇಸ್ತ್ರಿ ಬೆಳ್ಳಲ್ಲಿ ಆರಿಸ್ದ," ಅಂದೆ.

ಅಪ್ಪ ಎದ್ದು ಬಂದು ಕೆನ್ನೆಗೆ ಹೊಡೆದ. ಅದಕ್ಕೆ ಮೊದಲು ಅಪ್ಪ ನನ್ನನ್ನು ಹೊಡೆದವನೇ ಅಲ್ಲ. ಸಾವ್ಕಾರ, "ಬುಡು ಬುಡು, ಕೂಸು, ಎದರ್ಕೊಂಡದೆ," ಎಂದು ದೊಡ್ಡ ಮನಸ್ಸು ತೋರಿಸಿದ. ಆ ಹೊಡೆತ ಮರೆತಿದ್ದೇನೆ. ಅಪ್ಪ ತೀರಿಕೊಂಡ, ಅವನ ತಿಥಿಗೆ ಎಳ್ಳು ನೀರು ಬಿಡುವ ದಿನ ನನಗೂ ಕಣ್ಣು ತುಂಬುತ್ತದೆ. ಆದರೆ ಆ "ಬುಡು ಬುಡು" ಮರೆತಿಲ್ಲ, ಮರೆಯುವುದೂ ಇಲ್ಲ.

ಅವತ್ತಿನಿಂದ ಅಜ್ಜಿ ದೇವರ ಗೂಡಿನ ಹತ್ತಿರ ನನ್ನನ್ನು ಸೇರಿಸಲಿಲ್ಲ. ಬೆಂಕಿಪೊಟ್ಟಣ ಮುಟ್ಟಲು ಹೋದರೆ "ನೀ ದೂರ ಇರವ್ವ" ಅನ್ನುವಳು. ಗದರುತ್ತಲೂ ಇರಲಿಲ್ಲ, ಮೆಲ್ಲಗೆ ಹೇಳುವಳು, ರೋಗಿಗೆ ಹೇಳುವ ಹಾಗೆ. ಕೊಟ್ಟಿಗೆಯಲ್ಲಿ ಹಸು ಹಾಲು ಕಡಿಮೆ ಕೊಟ್ಟರೆ ನನ್ನ ಮುಖ ನೋಡುವಳು. ಅವ್ವ ಮತ್ತು ಅಜ್ಜಿಯ ನಡುವೆ ಪಾತ್ರೆಗಳು ಮಾತಾಡತೊಡಗಿದವು. ಒಬ್ಬರು ಇಟ್ಟದ್ದನ್ನು ಇನ್ನೊಬ್ಬರು ಸದ್ದು ಮಾಡಿ ಎತ್ತಿಡುವರು. ಮಾವ ಊರುಗೋಲಿನ ಮೇಲೆ ಮನೆಗೆ ಬಂದ. ಅವನಿಗೆ ಎಲ್ಲ ಗೊತ್ತಿತ್ತು. ಮೇಲೆ ಹತ್ತುವಾಗ ಮೇಸ್ತ್ರಿ ಬಗ್ಗಿದ್ದನ್ನು ಅವನು ನೋಡಿದ್ದ, ಮಾವ ನೋಡುತ್ತಿದ್ದುದನ್ನು ನಾನು ನೋಡಿದ್ದೆ. ನಾನು ಅವನ ಹಾಸಿಗೆಯ ಪಕ್ಕ ಹೋಗಿ ಕೂತರೆ ಅವನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ಸಾವ್ಕಾರ ಅವನಿಗೆ ಕಾವಲಿನ ಕೆಲಸ ಕೊಡುತ್ತೇನೆಂದು ಹೇಳಿ ಕಳಿಸಿದ್ದ. ಒಂದು ಮಧ್ಯಾಹ್ನ ನೆರೆಮನೆಯ ಹುಡುಗಿ ಮೈನೆರೆದಿದ್ದಳು, ಒಸಗೆ ಇತ್ತು. ಓರಗೆಯ ನಾವೆಲ್ಲ ಆರತಿಗೆ ನಿಂತೆವು. ತಟ್ಟೆ ಒಬ್ಬರ ಕೈಯಿಂದ ಒಬ್ಬರಿಗೆ ಬಂದು ನನ್ನ ಕೈ ಸೇರಿತು. ಆ ಮನೆಯ ಯಜಮಾನಿ ಮುಗುಳ್ನಗುತ್ತಲೇ ಬಂದು ತಟ್ಟೆ ಎತ್ತಿಕೊಂಡಳು.

"ನೀ ಬ್ಯಾಡ ಕಣಮ್ಮಿ. ಶುಭಕಾರ್ಯ."

ಅವ್ವ ಅಲ್ಲೇ ಇದ್ದಳು. ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು. ಮಾರನೆಯ ಬೆಳಿಗ್ಗೆ ತಲೆಗೆ ನೀರು ಹಾಕಿ, ಹಸಿರು ಲಂಗ ತೊಡಿಸಿ, ಬಿಗಿಯಾಗಿ ಜಡೆ ಹೆಣೆದಳು. ತಮ್ಮನನ್ನು ಅಜ್ಜಿಯ ಮಡಿಲಿಗೆ ಹಾಕಿ, ಹಣತೆ, ಬೆಂಕಿಪೊಟ್ಟಣ, ಹರಳೆಣ್ಣೆಯ ಶೀಸೆ ತೆಗೆದುಕೊಂಡಳು. ಮಧ್ಯಾಹ್ನಕ್ಕೆ ಸಿಡಿಸಲೆಂದು ಆಳುಗಳು ಆಗತಾನೆ ಮದ್ದು ತರಲು ಹೊರಟಿದ್ದ ಜಾಗಕ್ಕೆ ನಡೆದು ಹೋಗಿ, ಬಂಡೆಯ ಬುಡದಲ್ಲಿ ನನ್ನನ್ನು ಕೂರಿಸಿ, "ಅಚ್ಚು," ಅಂದಳು. ಎರಡು ಕಡ್ಡಿ ಮುರಿದವು. ಆಮೇಲೆ ಹತ್ತಿತು. ಅವ್ವ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಉರಿಯುವ ದೀಪದ ಮುಂದೆ ಮದ್ದಿಗೆ ಬೆಂಕಿ ಇಡಲು ಯಾವ ಆಳೂ ಒಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಂತ್ರ ನಿಂತಿತು. ಸುತ್ತಿಗೆಗಳು ನಿಂತವು. ಜಲ್ಲಿ ಕುಟ್ಟುವ ಹೆಂಗಸರು ಎದ್ದು ಬಂದು ಸುತ್ತ ನಿಂತರು. ಅಪ್ಪ ಗಾಡಿ ಬಿಟ್ಟು ಓಡಿ ಬಂದ.

"ಏಳಮ್ಮಿ, ಮಾನ ಕಳೀಬ್ಯಾಡ."

"ನಿಮ್ಮ ಮಾನ ಸಾವ್ಕಾರ್ರ ಲಾರಿ ಅತ್ಕೊಂಡು ಓಗದೆ. ಅಲ್ಲೋಗಿ ಉಡುಕಿ," ಎಂದಳು ಅವ್ವ.

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಸಾವ್ಕಾರ ಜೀಪಿನಿಂದಿಳಿದ, ಹಿಂದೆ ಮೇಸ್ತ್ರಿ.

"ಏನಮ್ಮ ಇದು? ಎಷ್ಟೊತ್ತು ಕೂತಿರ್ತೀಯ?"

"ಎಣ್ಣೆ ಇರೋಗಂಟ. ಶೀಸೆ ತುಂಬ ತಂದಿವ್ನಿ. ಮುಗುದ್ರೆ ಇನ್ನೊಂದು ಶೀಸೆ ಅಟ್ಟೀಲದೆ."

"ಏನಾಗ್ಬೇಕು ನಿಂಗೆ?"

"ನನ್ನ ಮಗಳ ಕೈಲಿ ದೀಪ ಎಂಗೆ ಆರ್ತು ಅಂತ ಈ ಮೇಸ್ತ್ರಪ್ಪ ಎಲ್ರ ಮುಂದೆ ಏಳ್ಲಿ. ಇದೇ ದೀಪದ ಮೇಲೆ ಕೈಯಿಟ್ಟು ಏಳ್ಲಿ. ಎದ್ದೋಯ್ತೀನಿ."

ಮೇಸ್ತ್ರಿ ಸಾವ್ಕಾರನ ಮುಖ ನೋಡಿದ. ಸಾವ್ಕಾರ ಗಡಿಯಾರ ನೋಡಿಕೊಂಡ. ಬಿಸಿಲು ನೆತ್ತಿಗೇರಿತು, ಅವ್ವ ಹಣತೆಗೆ ಮತ್ತೆ ಎಣ್ಣೆ ಹಾಕಿದಳು. ಆಗ ಊರುಗೋಲಿನ ಸದ್ದು ಕೇಳಿತು. ಮನೆಯಿಂದ ಆ ಕಲ್ಲುದಾರಿಯಲ್ಲಿ ಮಾವ ಒಂಟಿಕಾಲಲ್ಲಿ ಬಂದಿದ್ದ. ಬೆವರಿನಲ್ಲಿ ತೊಯ್ದು ಹೋಗಿದ್ದ.

"ಅಕ್ಕಾ, ಎದ್ದೇಳಕ್ಕ. ಕಾವಲು ಕೆಲ್ಸ ಕೊಡ್ತೀನಿ ಅಂದವ್ರೆ. ನನ್ನ ಅನ್ನ ಕಿತ್ಕೋಬ್ಯಾಡ."

ಅವ್ವ ತಲೆ ಎತ್ತಿದಳು. "ನಿನ್ನ ಅನ್ನ ನಾ ಆಕ್ತೀನಿ ಕಣ್ಲಾ, ನನ್ನ ಉಸುರಿರೋಗಂಟ. ಇವಳು ಓಗೋ ಮನೇಲಿ ಇವಳ ಕೈಗೆ ದೀಪ ಯಾರ್ಲಾ ಕೊಡ್ತಾರೆ?"

ಮಾವ ನನ್ನನ್ನು ನೋಡಿದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನೋಡಿದ. ಊರುಗೋಲನ್ನು ಕಂಕುಳಲ್ಲಿ ಸರಿಮಾಡಿಕೊಂಡು, ಯಾರ ಕಡೆಗೂ ತಿರುಗದೆ, ಉರಿಯುತ್ತಿದ್ದ ಬತ್ತಿಯನ್ನೇ ನೋಡುತ್ತ ಹೇಳಿದ:

"ಮೇಸ್ತ್ರಿನೇ ಬೆಳ್ಳಲ್ಲಿ ಅದುಮ್ದ. ನಾ ಕಂಡೆ. ಮದ್ದು ತುಂಬ್ಬುಟ್ಟಿದ್ರು, ಅದಕ್ಕೆ. ಕೂಗೂ ಆಕ್ಲಿಲ್ಲ. ಕೂಸಿನ ಕೈ ಸರಿಯಾಗೇ ಅದೆ."

ಜಲ್ಲಿ ಕುಟ್ಟುವ ಒಬ್ಬ ಮುದುಕಿ ಹಿಂದಿನಿಂದ, "ಊಂ ಕಣವ್ವ, ಮದ್ದು ತುಂಬಿದ್ದ ನಾನೂ ಕಂಡಿದ್ದೆ," ಅಂದಳು.

"ಆವತ್ತೇ ಯಾಕವ್ವ ಏಳ್ಲಿಲ್ಲ?" ಎಂದಳು ಅವ್ವ.

"ಯಾರ್ ಕೇಳಿದ್ರು?"

ಮೇಸ್ತ್ರಿ ನೆಲ ನೋಡುತ್ತಿದ್ದ. ಇಲ್ಲ ಅನ್ನಲಿಲ್ಲ. ಸಾವ್ಕಾರನಿಗೆ ನಾಚಿಕೆಯಾಗಬಹುದು ಎಂದು ನಾನು ಅವನ ಮುಖವನ್ನೇ ನೋಡಿದೆ. ಅವನು ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು, "ಆಯ್ತಲ್ಲ? ಸಮಾಧಾನ ಆಯ್ತಾ? ಜಾಗ ಬುಡಿ, ಲಾರಿ ನಿಂತದೆ," ಎಂದ. ಅಷ್ಟೇ. ಒಂದು ಕಾಲು, ಒಂದು ಮಗುವಿನ ಹೆಸರು, ಅವನಿಗೆ ಅವೆರಡೂ ಲಾರಿಗೆ ಅಡ್ಡ ಬಂದ ಕಲ್ಲು. ಕಾವಲಿನ ಕೆಲಸ ಬೇರೆಯವನ ಪಾಲಾಯಿತು. ಅಪ್ಪನ ಗಾಡಿಯನ್ನು ಮತ್ತೆ ಕೋರೆಗೆ ಕರೆಯಲಿಲ್ಲ; ಅವನು ಹೊಲಕ್ಕೆ ಮರಳಿದ, ಅವ್ವನ ಜೊತೆ ಬಹಳ ಕಾಲ ಮಾತಾಡಲಿಲ್ಲ. ಮಾವ ಕೊನೆಯ ತನಕ ನಮ್ಮ ಮನೆಯಲ್ಲೇ ಉಂಡ, ಅವ್ವ ಆಡಿದ ಮಾತು ಉಳಿಸಿಕೊಂಡಳು. ಆದರೆ ಅಲ್ಲಿ ಕೇಳಿಸಿಕೊಂಡವರು ಕೆಲವರು, ಕೇಳದವರು ಊರು ತುಂಬ. ನಿಜ ಆ ಗುಂಡಿಯಲ್ಲೇ ಉಳಿಯಿತು, ಸುಳ್ಳು ಲಾರಿ ಹತ್ತಿ ಊರೂರು ತಿರುಗಿತು, ಈಗ ಮೈಕಿನವರೆಗೂ ಬಂದಿದೆ. ದೇವರ ಮುಂದೆ ನಿಂತಾಗ ನಾನು ಮೊಮ್ಮಕ್ಕಳ ಆರೋಗ್ಯ ಕೇಳುತ್ತೇನೆ, ಮಳೆ ಕೇಳುತ್ತೇನೆ. ಈ ಕೋಪ ತೆಗೆದುಬಿಡು ಎಂದು ಇವತ್ತಿಗೂ ಕೇಳಿಲ್ಲ. ಅದು ಅವ್ವ ನನಗೆ ಉಳಿಸಿಕೊಟ್ಟ ಆಸ್ತಿ.

ಅವತ್ತು, ಸಾವ್ಕಾರ ಜಾಗ ಬಿಡಿ ಅಂದ ಮೇಲೆ, ಅವ್ವ ಎದ್ದಳು. ಹಣತೆ ಅಲ್ಲೇ ಬಿಡಲಿಲ್ಲ. "ಕೈಲಿಡ್ಕೊಂಡು ಬಾ. ಆರ್ದಂಗೆ," ಅಂದಳು. ಎರಡೂ ಅಂಗೈ ಗೂಡು ಮಾಡಿ ನಾನು ಉರಿ ಕಾದುಕೊಂಡು ನಡೆದೆ. ಗಂಡಸರು ದಾರಿ ಬಿಟ್ಟರು. ಊರುಗೋಲಿನ ಮಾವನ ಹೆಜ್ಜೆಗೆ ತಕ್ಕಂತೆ ನಿಧಾನ ನಡೆದು ಹುಣಸೆಮರದ ಮರೆ ಸೇರುವ ಹೊತ್ತಿಗೆ ಆಳುಗಳು ಮದ್ದು ತುಂಬಿ ಮುಗಿಸಿದ್ದರು, ಹಿಂದೆ ಕೂಗು ಎದ್ದಿತು. ಅಜ್ಜಿ ತಮ್ಮನನ್ನು ಎತ್ತಿಕೊಂಡು ಕರುವಿನೊಡನೆ ಮೊದಲೇ ಬಂದು ನಿಂತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಒಂದು ಹೆಜ್ಜೆ ಸರಿದು ನನಗೆ ಜಾಗ ಕೊಟ್ಟಳು. ಸಿಡಿಯುವುದಕ್ಕೆ ಮುಂಚಿನ ಆ ಒಂದು ಗಳಿಗೆ, ಹಕ್ಕಿಗಳೂ ಸುಮ್ಮನಾಗುವ ಗಳಿಗೆ. ನನ್ನ ಎರಡೂ ಕೈ ದೀಪದ ಸುತ್ತ ಇದ್ದವು. ಅವ್ವ ಹಿಂದಿನಿಂದ ಬಂದು ತನ್ನ ಎರಡೂ ಅಂಗೈಯಿಂದ ನನ್ನ ಕಿವಿ ಮುಚ್ಚಿ, ಆ ಸಿಡಿತವನ್ನು ತಾನು ಪೂರ್ತಿ ಕೇಳಿಸಿಕೊಂಡಳು.